ಚರಗದ ಹೂವು

ಬೈಯುವವರ ಮನೆಯಲ್ಲಿ ಹುಟ್ಟಿ, ಬೈಯುವವರ ಮನೆಗೇ ಸೊಸೆಯಾಗಿ ಹೋಗಿ, ಮುಂದೆ ತಾನೂ ಆ ವಿದ್ಯೆಯಲ್ಲಿ ನಾಲಿಗೆ ಪಳಗಿಸಿಕೊಂಡವಳು ಬಾಗಲಕೋಟೆಯ ಚನ್ನಬಸವ್ವ. ಹಾಲಿನವನಿಂದ ಹಿಡಿದು ಗಂಡ ಸೋಮಲಿಂಗಪ್ಪನವರೆಗೆ ಅವಳ ಬಾಯಿಗೆ ಸಿಗದವರಿಲ್ಲ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ ಎಂಬ ಗಾದೆಯನ್ನು ಅವಳು ನಂಬಿದಷ್ಟು ಬೇರೆ ಯಾವುದನ್ನೂ ನಂಬಿದವಳಲ್ಲ. ಅಂಥವಳು ಅಮೆರಿಕದಲ್ಲಿರುವ ಮಗನ ಮನೆಗೆಂದು ಗಿಲ್‌ರಾಯ್‌ಗೆ ಬಂದು, ಬೈಸಿಕೊಳ್ಳಲೇಬೇಕಾದ ದೊಡ್ಡದೊಂದು ತಪ್ಪು ಮಾಡಿದಳು. ಸೊಸೆಯ ಬಾಯಿಂದ ಒಂದೇ ಒಂದು ಬಿರುಸು ಮಾತು ಬರಲಿಲ್ಲ. ಚನ್ನಬಸವ್ವ ಒಳಗೊಳಗೇ ಬೆಂದುಹೋದಳು.

ತಪ್ಪಿನ ಕತೆಗೆ ಮೊದಲು ಸೊಸೆಯ ಹುಚ್ಚಿನ ಕತೆ ಹೇಳಬೇಕು. ಮಾಧುರಿ ಧಾರವಾಡದ ಹುಡುಗಿ, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ನಸುಕಿನಲ್ಲೇ ಕಾರು ಹತ್ತಿ ಫ್ರೀವೇ ಹಿಡಿದಳೆಂದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಇಷ್ಟು ದುಡಿದು ಬಂದವಳು ಕಾಲು ಚಾಚಿ ಕೂರಬೇಕೋ ಬೇಡವೋ? ಇಲ್ಲ. ಚೀಲ ಒಗೆದು ನೇರ ಹಿತ್ತಲಿಗೆ, ಕುಂಡಗಳ ಮುಂದೆ. ಅವಳಿಗೆ ಮರುಭೂಮಿಯ ಹೂವಿನ ಹುಚ್ಚು. ಅದರಲ್ಲೂ ಒಂದೇ ಒಂದು ಹೂವಿನದು: ಇಲ್ಲಿಯವರು ಫೈವ್‌ಸ್ಪಾಟ್ ಎನ್ನುವ, ಈ ಮನೆಯಲ್ಲಿ ಎಲ್ಲರೂ 'ಐದು ಚುಕ್ಕಿ' ಎನ್ನುವ ಹೂವು.

ಗಿಡ ಗೇಣುದ್ದ, ಎಲೆ ದುಂಡಗೆ, ಅಂಚು ಕೆಂಪು. ಹೂವು ತಿಳಿಗುಲಾಬಿ ಬಣ್ಣದ ಸಣ್ಣ ಬುಡ್ಡಿ; ಪೂರ್ತಿ ಬಿಚ್ಚಿಕೊಳ್ಳದೆ ಒಳಮುಖವಾಗಿ ಬಾಗಿಕೊಂಡೇ ಇರುತ್ತದೆ. ಮೇಲಿನಿಂದ ಬಗ್ಗಿ ಇಣುಕಿದರೆ ಒಳಗೆ ಐದು ಎಸಳು, ಎಸಳಿಗೊಂದರಂತೆ ಐದು ರಕ್ತಗೆಂಪು ಚುಕ್ಕಿ. ಬೆಂಡಿ, ಹತ್ತಿ, ಪುಂಡಿ, ದಾಸವಾಳ ಎಲ್ಲ ಇದರ ಬಳಗವೇ ಎಂದು ಮಾಧುರಿ ಹೇಳಿದ ದಿನ ಚನ್ನಬಸವ್ವನಿಗೆ ಹೂವಿನ ಮೇಲೆ ಸ್ವಲ್ಪ ಗೌರವ ಬಂದಿತ್ತು. ಬೆಂಡಿ ಹೂವಿನ ಒಡಲಲ್ಲೂ ಅಂಥದೇ ಕೆಂಪು ಇರುವುದನ್ನು ಅವಳು ಕಂಡವಳೇ.

ಎರಡು ವಸಂತಗಳ ಹಿಂದೆ ಮಾಧುರಿಯ ಕುಂಡವೊಂದರಲ್ಲಿ ಒಂದು ಗಿಡ ಚುಕ್ಕಿಯೇ ಇಲ್ಲದ ಹೂವು ಬಿಟ್ಟಿತ್ತು. ಐದೂ ಎಸಳು ತೊಳೆದಿಟ್ಟಂತೆ ಸ್ವಚ್ಛ. ಮಾಧುರಿ ಕುಣಿದಾಡಿದಳು, ಫೋಟೋ ತೆಗೆದಳು, ಊರಿನ ಕಾಡುಹೂವಿನ ಬಳಗದ ಹಿರಿಯಾಕೆ ಮಿಸೆಸ್ ಒರ್ಟೆಗಾಗೆ ತೋರಿಸಿದಳು. ಆಕೆ ನಕ್ಕು, "ಫೋಟೋದಲ್ಲಿ ಬೆಳಕು ಎಷ್ಟೊಂದು ಆಟ ಆಡುತ್ತದೆ ನೋಡಿ!" ಎಂದಳಂತೆ. ಸುಳ್ಳಿ ಎಂದು ಯಾರೂ ಅನ್ನಲಿಲ್ಲ, ಆದರೆ ಯಾರೂ ನಂಬಲೂ ಇಲ್ಲ. ಕರೆತಂದು ತೋರಿಸೋಣವೆಂದರೆ ಅಷ್ಟರಲ್ಲಿ ಗಿಡ ಬೀಜ ಕಟ್ಟಿ ಒಣಗಿಹೋಗಿತ್ತು. ಆ ಬೀಜದಲ್ಲಿ ಅರ್ಧ ಮಾರನೆಯ ವರ್ಷ ಬಿತ್ತಿದಳು, ಮೊಳಕೆಯನ್ನೆಲ್ಲ ಬಸವನಹುಳ ತಿಂದು ಮುಗಿಸಿತು. ಉಳಿದದ್ದು ಇನ್ನರ್ಧ. ಅದು ಮತ್ತೆ ಚುಕ್ಕಿಯಿಲ್ಲದ ಹೂವು ಕೊಟ್ಟರೆ ಮಾಧುರಿಯ ಮಾತು ನಿಜ. ಇಲ್ಲದಿದ್ದರೆ ಅವಳ ಮಾತು ಬೆಳಕಿನ ಆಟ.

ಈಗ ತಪ್ಪಿನ ಕತೆ. ಅದು ನಡೆದದ್ದು ಎಳ್ಳಮಾವಾಸ್ಯೆಯ ದಿನ. ಮಳೆ ಶುರುವಾದ ಮೇಲೆ ಬಿತ್ತಬೇಕೆಂದು ಮಾಧುರಿ ಹಿಂದಿನ ಸಂಜೆ ಬೀಜಗಳನ್ನು ಗಟ್ಟಿ ಸಿಪ್ಪೆ ಸವೆಯುವಂತೆ ಮರಳುಕಾಗದದ ಮೇಲೆ ತಿಕ್ಕಿ, ಸ್ಟೀಲಿನ ಬಟ್ಟಲಲ್ಲಿ ಬೆಚ್ಚಗಿನ ನೀರು ಹಾಕಿ ನೆನೆಯಲು ಬಿಟ್ಟು, ಬೆಳಿಗ್ಗೆ ಅವಸರದಲ್ಲಿ ಯಾರಿಗೂ ಹೇಳದೆ ಕೆಲಸಕ್ಕೆ ಹೋಗಿದ್ದಳು. ಅತ್ತ ಚನ್ನಬಸವ್ವ ಎದ್ದವಳೇ ಸಜ್ಜಿ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಹೋಳಿಗೆ, ಕಡಬು ಎಲ್ಲ ಮಾಡಿದಳು. ಊರಲ್ಲಾದರೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲನ್ನು ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನೆಲ್ಲ ಒಟ್ಟಿಗೆ ಕಲಸಿ ಭೂಮಿತಾಯಿಗೆ ಚೆಲ್ಲಬೇಕು. ಅದೇ ಚರಗ. ಅಮೆರಿಕದಲ್ಲಿ ಹೊಲವಿಲ್ಲ, ಹಿತ್ತಲಿದೆ; ತಾಯಿ ಎಲ್ಲಿದ್ದರೂ ತಾಯಿಯೇ. ಚರಗ ಕಲಸುತ್ತಿದ್ದ ಚನ್ನಬಸವ್ವನ ಕಣ್ಣಿಗೆ ಒಲೆಯ ಪಕ್ಕದ ಬಟ್ಟಲು ಬಿತ್ತು. ನೀರೊಳಗೆ ಕಪ್ಪು ಕಪ್ಪು ಸಣ್ಣ ಕಾಳು. ಎಳ್ಳಮಾವಾಸ್ಯೆಯ ದಿನ ನೆನೆ ಇಟ್ಟ ಕರಿ ಕಾಳು ಎಳ್ಳಲ್ಲದೆ ಇನ್ನೇನು? ದುಡಿಯುವ ಸೊಸೆ, ಆದರೂ ಹಬ್ಬ ಮರೆತಿಲ್ಲವಲ್ಲ ಎಂದು ಅವಳ ಕಣ್ಣು ತುಂಬಿ ಬಂತು. ಬಟ್ಟಲಿಗೆ ಬಟ್ಟಲನ್ನೇ ಚರಗಕ್ಕೆ ಬಗ್ಗಿಸಿ ಚೆನ್ನಾಗಿ ಕಲಸಿದಳು.

ಆಮೇಲೆ ಹಿತ್ತಲಲ್ಲಿ ನಿಂತು ನಾಲ್ಕೂ ದಿಕ್ಕಿಗೆ ಎಸೆದದ್ದೇ ಎಸೆದದ್ದು. ಚರಗ ಚೆಲ್ಲುವ ವಾಡಿಕೆಯಂತೆ "ಹುಲ್ಲುಲ್ಲಿಗೋ!" ಎಂದು ಅವಳು ಕೂಗಬೇಕು, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಮಗ ಕೇದಾರ "ಸಲಾಂಬ್ರಿಗೋ!" ಎನ್ನಬೇಕು. ಮನೆಯಿಂದಲೇ ಕೆಲಸ ಮಾಡುವ ಕೇದಾರ ಕಿವಿಯಲ್ಲಿ ಮೀಟಿಂಗು ಇಟ್ಟುಕೊಂಡೇ ನೀರು ಚಿಮುಕಿಸಿದ. ಮ್ಯೂಟ್ ಒತ್ತಿದ್ದನೋ ಇಲ್ಲವೋ ದೇವರೇ ಬಲ್ಲ. ಹುಮ್ಮಸ್ಸಿನಲ್ಲಿ ಚನ್ನಬಸವ್ವನ ಒಂದು ಮುಷ್ಟಿ ಬೇಲಿ ದಾಟಿ ಪಕ್ಕದ ಮನೆಗೂ ಹೋಯಿತು. ಅಲ್ಲಿದ್ದವರು ಉಡುಪಿಯ ಕಡೆಯ ಜಯರಾಜ್ ಮತ್ತು ಗುಲಾಬಿ. ಹುಲ್ಲು ಕಿತ್ತು ಹಿತ್ತಲಿಗೆಲ್ಲ ಹೊಸದಾಗಿ ಜಲ್ಲಿ ಹಾಸಿಸಿದ್ದ ಜಯರಾಜ್ ಸಂಜೆ ಬೇಲಿಯ ಮೇಲೆ ತಲೆ ಎತ್ತಿ, "ಎಂತ ಮಾರಾಯ್ರೆ ಇದು? ನನ್ನ ಜಲ್ಲಿ ಮೇಲೆ ಪಲ್ಯ ಬಿದ್ದುಂಟು!" ಎಂದು ಕೂಗಿದರು.

ಅದೇ ಹೊತ್ತಿಗೆ ಮಾಧುರಿ ಮನೆಗೆ ಬಂದಳು.

"ಅತ್ತಿ, ಇಲ್ಲೊಂದು ಬಟ್ಟಲಿತ್ತಲ್ರಿ?"

"ಇತ್ತಲ್ಲವಾ! ಎಳ್ಳು ನೆನಿ ಇಟ್ಟಿದ್ದಿ, ಚರಗಕ್ಕ ಹಾಕೀನಿ. ಭಾಳ ಶಾಣ್ಯಾಕಿ ನೀನು."

ಮಾಧುರಿ ಖಾಲಿ ಬಟ್ಟಲು ಕೈಗೆತ್ತಿಕೊಂಡಳು, ಒಳಗೆ ನೋಡಿದಳು, ಮೆಲ್ಲಗೆ ಸಿಂಕಿನಲ್ಲಿಟ್ಟಳು. "ಇರ್ಲಿ ಬಿಡ್ರಿ ಅತ್ತಿ" ಎಂದು ಮಹಡಿ ಹತ್ತಿಹೋದಳು. ಬಟ್ಟಲಲ್ಲಿದ್ದದ್ದು ಏನೆಂದು ಕೇದಾರ ಬಿಡಿಸಿ ಹೇಳಿದಾಗ ಚನ್ನಬಸವ್ವ ಹಿತ್ತಲಿನ ಬಾಗಿಲು ತೆರೆದು, ಚೆಲ್ಲಿದ ಚರಗವನ್ನು ಕತ್ತಲಲ್ಲೇ ಹುಡುಕಲು ಹೋದಳು.

ಅಂದಿನಿಂದ ಅವಳು ಬೈಗುಳಕ್ಕಾಗಿ ಕಾದಳು. ಇವತ್ತು ಬೈಯುತ್ತಾಳೆ, ನಾಳೆ ಬೈಯುತ್ತಾಳೆ. ಮಾಧುರಿ ಬೈಯಲಿಲ್ಲ. "ಚಹಾ ಬೇಕೇನ್ರಿ ಅತ್ತಿ?" "ಥಂಡಿ ಐತ್ರಿ, ಸ್ವೆಟರ್ ಹಾಕ್ಕೊಳ್ರಿ." ಹಬ್ಬಕ್ಕೆ ಮೊದಲು ಅಡುಗೆಮನೆಯಲ್ಲಿ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ಇಬ್ಬರೂ ಹಟ ಹಿಡಿದು ಜಗಳವಾಡುತ್ತಿದ್ದವರು. ಈಗ ಸೊಸೆಯ ಮಾತೆಲ್ಲ ಗ್ರಾಹಕ ಸೇವಾಕೇಂದ್ರದವರ ಮಾತಿನಂತಾಗಿತ್ತು. ಬಾಯಿ ತುಂಬ ಬೈದಿದ್ದರೆ ಮರುದಿನಕ್ಕೆ ಮುಗಿದುಹೋಗುತ್ತಿತ್ತು. ಬೈಯಲು ಒಳಗಿನವರಾಗಿರಬೇಕು, ತನ್ನನ್ನು ಸೊಸೆ ಹೊರಗಿನವಳ ಸಾಲಿಗೆ ತಳ್ಳಿಬಿಟ್ಟಳೆಂದು ಚನ್ನಬಸವ್ವನಿಗೆ ಅಳುವೇ ಬಂತು.

ಆದರೆ ಅತ್ತು ಕೂರುವ ಜಾತಿಯಲ್ಲ ಅವಳದು. ಏಪ್ರಿಲಿನಲ್ಲಿ ಊರಿಗೆ ಮರಳುವ ಮೊದಲು ಆ ಹೂವನ್ನು ಸೊಸೆಗೆ ತಿರುಗಿ ಕೊಟ್ಟೇ ವಿಮಾನ ಹತ್ತುತ್ತೇನೆಂದು ಪಣ ತೊಟ್ಟಳು. ಮೊಮ್ಮಗಳು ಶಿವಾನಿಯನ್ನು ಹಿಡಿದು ಕೂರಿಸಿ, ಟ್ಯಾಬಿನಲ್ಲಿ ಆ ಗಿಡದ ಮೊಳಕೆ, ಎಲೆ, ಮೊಗ್ಗು ಎಲ್ಲವನ್ನೂ ಮತ್ತೆ ಮತ್ತೆ ತೋರಿಸಿಕೊಂಡಳು. ಶಿವಾನಿಗೆ ಹತ್ತು ವರ್ಷ. ದಿನಾ ಶಾಲೆಗೆ ಹೊರಡುವಾಗ ಅಜ್ಜಿ ತನ್ನ ಕಣ್ಣಿನ ಕಾಡಿಗೆಯನ್ನು ಕಿರುಬೆರಳಿಗೆ ಒರೆಸಿಕೊಂಡು ಅವಳ ಕೆನ್ನೆಗೊಂದು ದೃಷ್ಟಿಬೊಟ್ಟು ಇಡುವುದು, ಅವಳು "ಅಜ್ಜೀ, ಸ್ಟಾಪ್!" ಎಂದು ಕಾರಿನಲ್ಲಿ ಕೂತೊಡನೆ ಒರೆಸಿಹಾಕುವುದು ನಡೆದೇ ಇತ್ತು. ಚೆಂದದ ವಸ್ತು ಚುಕ್ಕಿಯಿಲ್ಲದೆ ಹೊರಗೆ ಬೀಳಬಾರದೆಂಬುದು ಚನ್ನಬಸವ್ವನ ಕಟ್ಟಾಜ್ಞೆ.

ಹಿತ್ತಲಲ್ಲಿ ದಿನವೂ ಬಗ್ಗಿ ಬಗ್ಗಿ ಹುಡುಕಿದಳು. ಜಿಗುಟು ಮಣ್ಣು, ಮೇಲೆ ಚಳಿಗಾಲದ ಮಳೆ. ಹುಲ್ಲು ಬಂತು, ಬಸವನಹುಳ ಬಂತು, ಇನ್ನೇನೂ ಬರಲಿಲ್ಲ. ಒಂದು ಫೆಬ್ರವರಿ ಬೆಳಿಗ್ಗೆ ಬೇಲಿಯಾಚೆ ಜಯರಾಜ್ ಬೆನ್ನಿಗೆ ಕಳೆನಾಶಕದ ಡಬ್ಬಿ ಕಟ್ಟಿಕೊಂಡು ಓಡಾಡುವುದು ಕಂಡಿತು. ಜಲ್ಲಿಯಲ್ಲಿ ಒಂದು ಹಸಿರು ಕಡ್ಡಿ ಕಂಡರೂ ಅವರಿಗೆ ನಿದ್ದೆ ಬರುವುದಿಲ್ಲ. ಅವರೇನು ಕೊಲ್ಲುತ್ತಿದ್ದಾರೆಂದು ನೋಡಲು ಚನ್ನಬಸವ್ವ ಬಕೀಟು ಬೋರಲು ಹಾಕಿ ಅದರ ಮೇಲೆ ಹತ್ತಿದಳು.

ಬೂದು ಕಲ್ಲುಗಳ ನಡುವೆ ದುಂಡು ದುಂಡು ಎಲೆ. ಅಂಚು ಕೆಂಪು. ಒಂದಲ್ಲ, ಎರಡಲ್ಲ, ಕೈಯಿಂದ ಎರಚಿದ ಹಾಗೆ ಒಂದು ಹರವು!

"ಜಯರಾಜಪ್ಪಾ, ನಿಂದರು! ಕೈ ಎತ್ತು! ಹೊಡೀಬ್ಯಾಡ!"

ಜಯರಾಜ್ ಬೆಚ್ಚಿ ನಿಜಕ್ಕೂ ಎರಡೂ ಕೈ ಎತ್ತಿದರು. ಅವರು ತಿರುಗಿ ನೋಡುವಷ್ಟರಲ್ಲಿ ಬಕೀಟು ಜಾರಿ ಚನ್ನಬಸವ್ವ ಬೇಲಿ ಹಿಡಿದು ನೇತಾಡುತ್ತಿದ್ದಳು. ಗುಲಾಬಿ ಓಡಿ ಬಂದಳು, ಕೇದಾರ ಓಡಿ ಬಂದ. ಕೆಳಗಿಳಿದವಳೇ ಚನ್ನಬಸವ್ವ ಮುಂಬಾಗಿಲಿಂದ ಸುತ್ತು ಹಾಕಿ ಪಕ್ಕದ ಮನೆಗೆ ಹೋಗಿ, ಜಲ್ಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯನ್ನು ಮೊಳಕೆಗಳ ಮೇಲೆ ಅಡ್ಡ ಹಿಡಿದಳು.

"ಎಂತ ಅಮ್ಮ ಇದು, ಇದು ಕಳೆ ಅಲ್ವಾ?" ಎಂದರು ಜಯರಾಜ್. "ಇವತ್ತು ಬಿಟ್ರೆ ನಾಳೆ ಕಾಡೇ ಆಗ್ತದೆ."

"ಕಳಿ ಅಲ್ಲಪ್ಪಾ, ನಮ್ಮ ಸೊಸಿ ಜೀವ ಇದು. ನಿನ್ನ ಕಾಲು ಬೀಳ್ತೀನಿ."

"ಅಯ್ಯಯ್ಯೋ, ಅಮ್ಮ! ಹಾಗೆಲ್ಲ ಹೇಳ್ಬೇಡಿ!" ಎಂದು ಜಯರಾಜ್ ಎರಡು ಹೆಜ್ಜೆ ಹಿಂದೆ ಸರಿದರು. ಗುಲಾಬಿ ಗಂಡನ ಬೆನ್ನಿನಿಂದ ಡಬ್ಬಿ ಬಿಚ್ಚಿಸಿಕೊಂಡು, "ಏಪ್ರಿಲ್ ತನಕ ಇರ್ಲಿ. ನಾನು ನೋಡಿಕೊಳ್ತೇನೆ ಅಮ್ಮ" ಎಂದಳು. ಜಯರಾಜ್ ಡಬ್ಬಿ ಬಿಟ್ಟುಕೊಟ್ಟು ಒಳಗೆ ಹೋದರು. ಅವರ ಮನೆಯಲ್ಲೂ ಕಡೆಯ ಮಾತು ಯಾರದೆಂದು ಅಂದು ಎಲ್ಲರಿಗೂ ತಿಳಿಯಿತು.

ಸಂಜೆ ಮಾಧುರಿ ಆಫೀಸಿನ ಬಟ್ಟೆಯಲ್ಲೇ ಜಲ್ಲಿಯ ಮೇಲೆ ಮೊಣಕಾಲೂರಿದಳು. ಫೋನಿನ ಬೆಳಕು ಬಿಟ್ಟು ಒಂದೊಂದೇ ಎಲೆ ಮುಟ್ಟಿ ನೋಡಿದಳು. "ಅವೇ ಅದಾವ ರೀ ಅತ್ತಿ" ಎಂದು ಗಿಡಗಳನ್ನು ಎಣಿಸಿದಳು. ಮರುಭೂಮಿಯ ಗಿಡಕ್ಕೆ ಕಲ್ಲೇ ಹಿತ, ನಮ್ಮ ಮಣ್ಣಿಗಿಂತ ಇವರ ಜಲ್ಲಿಯೇ ಅದಕ್ಕೆ ತವರು ಎಂದಳು. ಚನ್ನಬಸವ್ವ ಆಸೆಯಿಂದ ಸೊಸೆಯ ಮುಖ ನೋಡಿದಳು. ಈಗಲಾದರೂ ಒಂದು ಮಾತು ಬೈಯುತ್ತಾಳೇನೋ. ಮಾಧುರಿ ಎದ್ದು, "ಥ್ಯಾಂಕ್ಸ್ ರೀ ಅತ್ತಿ" ಎಂದಳು. ಥ್ಯಾಂಕ್ಸ್ ಅಂತೆ! 

ಮಾರ್ಚ್ ಕೊನೆಗೆ ಮೊಗ್ಗು ಕಂಡವು. ಆಮೇಲಿನ ದಿನಗಳನ್ನು ಎರಡೂ ಮನೆಯವರು ಇವತ್ತಿಗೂ ನೆನೆಸಿಕೊಂಡು ನಗುತ್ತಾರೆ. ಈ ಹೂವು ಬಿಸಿಲು ಚೆನ್ನಾಗಿ ಏರಿದ ಮೇಲೇ ಬಾಯಿ ತೆರೆಯುತ್ತದೆ, ಸಂಜೆಗೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮಧ್ಯಾಹ್ನವಾದರೆ ಚನ್ನಬಸವ್ವ ಮತ್ತು ಗುಲಾಬಿ ಜಲ್ಲಿಯ ಮೇಲೆ ಎರಡು ಕುರ್ಚಿ ಹಾಕಿಕೊಂಡು ಹೆರಿಗೆ ಕೋಣೆಯ ಹೊರಗೆ ಕೂತವರಂತೆ ಕಾಯುವುದು. ಬೆರ್ರಿಯೆಸಾ ಸ್ಟೇಷನ್ನಿನಿಂದ ರೈಲು ಹಿಡಿದು ಕೆಲಸಕ್ಕೆ ಹೋಗುತ್ತಿದ್ದ ಜಯರಾಜ್ ರೈಲಿನೊಳಗಿಂದಲೇ ಫೋನ್ ಮಾಡಿ, "ಎಂತ ಆಯ್ತು? ಬಿಟ್ಟಿತಾ?" ಎಂದು ಕೇಳುವುದು. ಕಳೆ ಎಂದವರು ಅವರೇ!

ಮೊದಲನೆಯದು ಬಿಟ್ಟಿತು. ಚನ್ನಬಸವ್ವ ಉಸಿರು ಹಿಡಿದು ಒಳಗೆ ಇಣುಕಿದಳು. ಐದು ಚುಕ್ಕಿ, ಕುಂಕುಮ ಒತ್ತಿದ ಹಾಗೆ ದಟ್ಟವಾಗಿ.

"ಹೋತು" ಎಂದು ಕುರ್ಚಿಗೆ ಕುಸಿದಳು.

ಮರುದಿನ ಎರಡನೆಯದು. ಅದರಲ್ಲೂ ಐದು ಚುಕ್ಕಿ, ಆದರೆ ಚಿಕ್ಕವು. ಮೂರನೆಯದರಲ್ಲಿ ಚುಕ್ಕಿಗಳು ತೊಳೆದ ಬಟ್ಟೆಯ ಕಲೆಯಷ್ಟು ಮಸುಕು. ಶಿವಾನಿ ಶಾಲೆಯಿಂದ ಬಂದವಳೇ ಚೀಲ ಒಗೆದು ಬೇಲಿಯ ಕಡೆ ಓಡುತ್ತಿದ್ದಳು: "ಅಜ್ಜೀ, ದಿಸ್ ಒನ್ ಈಸ್ ಡಿಫರೆಂಟ್! ಚುಕ್ಕಿ ಸಣ್ಣದು!" ಒಂದು ಹೂವು ಬಹುತೇಕ ಬಿಳಿ, ಚುಕ್ಕಿ ಮಾತ್ರ ಅರ್ಧ ಎಸಳಿನಷ್ಟು ಹರಡಿದ್ದು. ಇನ್ನೊಂದು ನೇರಳೆಯ ಕಡೆಗೆ ವಾಲಿದ್ದು. ಒಂದೇ ತಾಯಿಯ ಬೀಜ, ಒಂದೇ ಜಲ್ಲಿ, ಒಂದೇ ಬಿಸಿಲು, ಆದರೂ ಒಂದರಂತೆ ಇನ್ನೊಂದಿಲ್ಲ!

"ಹಿಂಗ್ಯಾಕವಾ ಇದು?" ಎಂದು ಚನ್ನಬಸವ್ವ ಶನಿವಾರ ಸೊಸೆಯನ್ನು ಕೇಳಿದಳು.

"ತಾಯಿ ಅದೇ ರೀ. ಆದ್ರ ಜೇನುಹುಳ ಬ್ಯಾರೆ ಬ್ಯಾರೆ ಗಿಡದ ಪರಾಗ ತಂದಿರ್ತಾವ. ತಂದಿ ಬ್ಯಾರೆ ಬ್ಯಾರೆ."

"ಅಯ್ಯ ನನ್ನ ಶಿವನ! ಮತ್ತ ಚುಕ್ಕಿ ಇಲ್ಲದ್ದು ಬರೂದ್ಹೆಂಗ?"

"ತನ್ನ ಪರಾಗನ ತನಗ ಬಿದ್ದದ್ದು ಒಂದಾದ್ರೂ ಇದ್ರ ಬರಬಹುದು. ಇರದಿದ್ರ ಇಲ್ಲ." ಮಾಧುರಿ ದನಿ ತಗ್ಗಿಸಿದಳು. "ನಾಳೆ ಒರ್ಟೆಗಾ ಬರಾಕತ್ತಾರ. ಇಷ್ಟು ನಮೂನಿ ಬಂದಾವ ಅಂತ ಕೇದಾರ ಫೋನ್ ಮಾಡ್ಯಾನ. ಚುಕ್ಕಿ ಇಲ್ಲದ್ದು ಮಾತ್ರ ಒಂದೂ ಇಲ್ಲ. ಏನ್ ತೋರಿಸ್ಲಿ ನಾನು?"

ಇನ್ನೂ ಹೂವು ಬಿಡದೆ ಉಳಿದದ್ದು ಒಂದೇ ಗಿಡ. ಬೇಲಿಯ ಬುಡದಲ್ಲಿ ಎಲ್ಲಕ್ಕಿಂತ ಗಿಡ್ಡಕ್ಕೆ ಕೂತಿದ್ದ ಅದಕ್ಕೆ ಚನ್ನಬಸವ್ವ 'ಕುಳ್ಳಿ' ಎಂದು ಹೆಸರಿಟ್ಟಿದ್ದಳು. ಕುಳ್ಳಿಯಲ್ಲಿ ಒಂದೇ ಮೊಗ್ಗು, ತುದಿಯಲ್ಲಿ ಗುಲಾಬಿ ಗೆರೆ. ನಾಳೆ ಭಾನುವಾರ, ಮಂಗಳವಾರ ಚನ್ನಬಸವ್ವನ ವಿಮಾನ.

ಒರ್ಟೆಗಾ ಬೆಳಿಗ್ಗೆಯೇ ಬಂದಿಳಿದಳು. ಎತ್ತರದ ಹೆಂಗಸು, ಎಪ್ಪತ್ತರ ಮೇಲಿನ ವಯಸ್ಸು, ತಲೆಗೆ ಹುಲ್ಲಿನ ಹ್ಯಾಟು. ಆಕಾಶವೆಲ್ಲ ಮೋಡ. ಹೂವೆಲ್ಲ ಬಾಯಿ ಮುಚ್ಚಿಕೊಂಡು ಗೋಲಿಯಂತೆ ಕೂತಿದ್ದವು. ಆಕೆ ಬಗ್ಗಿ ನೋಡಿ, ಒಳ್ಳೆಯ ಗಿಡಗಳು, ಇನ್ನೊಂದು ದಿನ ಬರುತ್ತೇನೆ ಎಂದು ಕಾರಿನ ಕೀಲಿ ತೆಗೆದಳು. ಮಾಧುರಿ ಕುಳ್ಳಿಯ ಮುಚ್ಚಿದ ಮೊಗ್ಗಿನ ಕಡೆ ನೋಡಿದಳು.

ಚನ್ನಬಸವ್ವನಿಗೆ ಇಂಗ್ಲಿಷ್ ಬಾರದು. ಆದರೆ ಮನೆಗೆ ಬಂದವರು ಹೊರಡುತ್ತಿದ್ದಾರೆಂದು ತಿಳಿಯಲು ಇಂಗ್ಲಿಷ್ ಯಾಕೆ ಬೇಕು? ಹೋಗಿ ಒರ್ಟೆಗಾಳ ಮುಂಗೈಯನ್ನೇ ಹಿಡಿದಳು. "ಉಣ್ಣಲಾರದ ಹೊಸ್ತಿಲ ದಾಟೂದಿಲ್ಲ ನಮ್ಮನ್ಯಾಗ. ಶಿವಾನಿ, ಹೇಳವಾ ಆಕಿಗೆ."

"ಶೀ ಈಸ್ ನಾಟ್ ಲೆಟಿಂಗ್ ಯು ಗೋ" ಎಂದು ಶಿವಾನಿ ಸರಳವಾಗಿ ಹೇಳಿದಳು.

ಒರ್ಟೆಗಾ ನಗುತ್ತ ಒಳಗೆ ಬಂದಳು. ಚನ್ನಬಸವ್ವ ಒಲೆ ಹಚ್ಚಿ ಜೋಳದ ಹಿಟ್ಟು ನಾದಿ ರೊಟ್ಟಿ ತಟ್ಟತೊಡಗಿದಳು. ಪಟಪಟ ಸದ್ದು ಕೇಳಿದ್ದೇ ಒರ್ಟೆಗಾ ಕುರ್ಚಿಯಿಂದ ಎದ್ದು ಬಂದಳು. ಅವಳ ಅಜ್ಜಿಯೂ ಹೀಗೇ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದಳಂತೆ, ಈ ಸದ್ದು ಕೇಳಿ ಯಾವ ಕಾಲವಾಯಿತೋ ಎಂದಳಂತೆ. ಹ್ಯಾಟು ತೆಗೆದಿಟ್ಟು, ಕೈ ತೊಳೆದು, ತಾನೂ ಒಂದು ಉಂಡೆ ಹಿಡಿದಳು. ಮೊದಲನೆಯದು ಭಾರತದ ನಕ್ಷೆಯಂತಾಯಿತು, ಎರಡನೆಯದು ಹರಿಯಿತು. ಚನ್ನಬಸವ್ವ ಅಭ್ಯಾಸಬಲದಿಂದ ಅವಳನ್ನೂ ಬೈದಳು: "ಅಂಚಿಗೆ ಒತ್ತವಾ, ನಟ್ಟನಡುವ ಯಾಕ ಬಡೀತಿ? ಹಿಟ್ಟು ನಿನಗೇನು ಅನ್ಯಾಯ ಮಾಡೇತಿ?" ಒರ್ಟೆಗಾ ಸ್ಪ್ಯಾನಿಷಿನಲ್ಲಿ ಏನೋ ಮರುನುಡಿದಳು. ಇಬ್ಬರಿಗೂ ಪರಸ್ಪರ ಅರ್ಥವಾದ ಹಾಗಿತ್ತು. ಎಣಗಾಯಿ, ಶೇಂಗಾ ಚಟ್ನಿ, ಮೊಸರು, ಮೇಲೊಂದು ಹೋಳಿಗೆ. ಮಧ್ಯೆ ಮಧ್ಯೆ ಚನ್ನಬಸವ್ವ ಕಿಟಕಿಯಿಂದ ಆಕಾಶವನ್ನೂ ಬೈಯುತ್ತಿದ್ದಳು.

ಬೈಗುಳ ತಟ್ಟಿತೇನೋ. ಊಟ ಮುಗಿಯುವ ಹೊತ್ತಿಗೆ ಮೋಡ ಹರಿದು ಬಿಸಿಲು ಬಿತ್ತು.

"ಬನ್ನಿ! ಬೇಗ ಬನ್ನಿ! ಸಣ್ಣದು ಬಾಯಿ ಬಿಡ್ತಾ ಉಂಟು!" ಬೇಲಿಯಾಚೆಯಿಂದ ಜಯರಾಜರ ದನಿ. ಅವರ ದನಿ ಅಷ್ಟು ಎತ್ತರಕ್ಕೆ ಏರಬಹುದೆಂದು ಗುಲಾಬಿಗೂ ಗೊತ್ತಿರಲಿಲ್ಲ. ಎಲ್ಲರೂ ಎಂಜಲು ಕೈಯಲ್ಲೇ ಓಡಿದರು.

ಕುಳ್ಳಿಯ ಸುತ್ತ ಏಳು ತಲೆ ಬಗ್ಗಿದವು. ನೆರಳು ಬೀಳದಂತೆ ಸರಿಯಿರಿ ಎಂದು ಗುಲಾಬಿ ಎಲ್ಲರನ್ನೂ ಹಿಂದೆ ತಳ್ಳಿದಳು. ಸುರುಳಿ ಸುತ್ತಿದ್ದ ಮೊಗ್ಗು ಸಡಿಲವಾಯಿತು. ಒಂದು ಎಸಳು ಸರಿಯಿತು. ಅದರಲ್ಲಿ ಚುಕ್ಕಿ ಇಲ್ಲ.  ಎರಡನೆಯದು, ಮೂರನೆಯದು, ಇಲ್ಲ.  ನಾಲ್ಕು. ಐದನೆಯದು ಒಳಗೆ ಮಡಚಿಕೊಂಡು ಸತಾಯಿಸಿತು. ಬಾರೇ, ಬಾರೇ ನನ್ನವ್ವ ಎಂದು ಚನ್ನಬಸವ್ವ ಹಲ್ಲು ಕಚ್ಚಿದಳು. ಬಿಚ್ಚಿಕೊಂಡಿತು.

ಇಲ್ಲ! ಐದಕ್ಕೆ ಐದೂ ಸ್ವಚ್ಛ, ಬುಡದಿಂದ ತುದಿಯವರೆಗೆ ಒಂದೇ ತಿಳಿಗುಲಾಬಿ, ಬಿಸಿಲು ಹಾಯ್ದು ಒಳಗೆಲ್ಲ ಬೆಳಕು.

ಶಿವಾನಿ ಕಿರುಚಿದಳು. ಕೇದಾರ ಜಯರಾಜರನ್ನು ಅಪ್ಪಿಕೊಂಡ. ಒರ್ಟೆಗಾ ಜಲ್ಲಿಯ ಮೇಲೆ ಮೊಣಕಾಲೂರಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ 'ನಿನ್ನ ಫೋಟೋ ನಿಜ ಹೇಳಿತ್ತು, ನಾನೇ ನಂಬಲಿಲ್ಲ, ಕ್ಷಮಿಸು' ಎಂದು ಮಾಧುರಿಯ ಎರಡೂ ಕೈ ಹಿಡಿದಳು. ಮಾಧುರಿ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಇಷ್ಟೊಂದು ಕಣ್ಣು ಒಂದೇ ಹೂವಿನ ಮೇಲೆ. ಅದೂ ಇಷ್ಟು ಚೆಂದದ ಹೂವು, ಅದೂ ಇಡೀ ಮೈಯಲ್ಲಿ ಒಂದು ಚುಕ್ಕಿಯಿಲ್ಲದೆ! ಚನ್ನಬಸವ್ವ ಕಿರುಬೆರಳನ್ನು ಕಣ್ಣಂಚಿಗೆ ಒತ್ತಿ, ಕಾಡಿಗೆ ಒರೆಸಿಕೊಂಡು, ಬಗ್ಗಿ, ಎಸಳಿನ ಕಡೆ ಬೆರಳು ಚಾಚಿದಳು.

"ಅತ್ತೀ! ಕೈ ತೆಗೀರಿ! ಏನ್ ಮಾಡಾಕತ್ತೀರಿ?"

"ದೃಷ್ಟಿ ಆಗತೈತವಾ, ಒಂದು ಬೊಟ್ಟು..."

"ತಲಿ ಐತೇನ್ರಿ ನಿಮಗ? ಚುಕ್ಕಿ ಇಲ್ಲ, ಚುಕ್ಕಿ ಇಲ್ಲ ಅಂತ ಎರಡು ವರ್ಷದಿಂದ ನಾ ಬಡಕೊಳ್ಳಾಕತ್ತೀನಿ, ನೀವು ಚುಕ್ಕಿ ಇಡಾಕ ಹೊಂಟೀರಿ! ಮೊದಲ ನನ್ನ ಬೀಜ ಒಯ್ದು ಪಲ್ಯದಾಗ ಕಲಸಿದ್ರಿ. ಮಂದಿ ನೆನಿ ಇಟ್ಟ ಬಟ್ಟಲ ಒಂದು ಮಾತು ಕೇಳಿ ಎತ್ತಬೇಕೋ ಬ್ಯಾಡೋ? ಎಳ್ಳು ಯಾವುದು, ಬೀಜ ಯಾವುದು, ಕಣ್ಣು ಕಾಣೂದಿಲ್ಲೇನು? ಆಫೀಸಿನ ಪಾರ್ಕಿಂಗಿನ್ಯಾಗ ಕಾರಿನ್ಯಾಗ ಕುಂತು ಎಷ್ಟು ಅತ್ತೀನಿ ಗೊತ್ತೈತೇನ್ರಿ ನಿಮಗ? ಯಾರಿಗೆ ಹೇಳಲಿ? ಅತ್ತಿ ಅದೀರಿ, ಬೈಯಾಕ ಬರೂದಿಲ್ಲ, ನಾಕ ತಿಂಗಳು ನುಂಗಿಕೊಂಡೀನಿ! ಇನ್ನೊಮ್ಮೆ ನನ್ನ ಸಾಮಾನಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ!"

ಜಲ್ಲಿಯ ಮೇಲೆ ಎಲ್ಲರೂ ಕಲ್ಲಾದರು. ಕೇದಾರ ಒಂದು ಹೆಜ್ಜೆ ಮುಂದಿಟ್ಟವನು ಹಿಂದೆ ಸರಿದ. ಚನ್ನಬಸವ್ವ ಬೆರಳು ಹಾಗೇ ಹಿಡಿದುಕೊಂಡು ಸೊಸೆಯ ಮುಖ ನೋಡುತ್ತ ನಿಂತಿದ್ದಳು. ಅವಳ ಮುಖ ಅರಳುತ್ತ ಅರಳುತ್ತ ಹೋಯಿತು.

"ಅಷ್ಟ ಏನು? ಇನ್ನೂ ಐತೇನು?"

"ಇನ್ನೂ ಐತಿ!"

"ಹಂಗಾರ ಬೈಯವಾ, ಬೈ. ಎಲ್ಲಾ ಬೈದು ಮುಗಸು. ಮಂಗಳವಾರ ನಂದು ವಿಮಾನ ಐತಿ."

ಮಾಧುರಿ ಬಾಯಿ ತೆರೆದಳು. ಬೈಗುಳ ಬರಲಿಲ್ಲ, ನಗು ಬಂತು, ನಗುವಿನ ಹಿಂದೆ ಅಳು. ಅತ್ತೆಯ ಹೆಗಲಿಗೆ ಮುಖ ಒತ್ತಿದಳು. ಚನ್ನಬಸವ್ವ ಕಾಡಿಗೆಯ ಬೆರಳನ್ನು ವ್ಯರ್ಥ ಮಾಡದೆ ಸೊಸೆಯ ಕೆನ್ನೆಗೆ ಒತ್ತಿದಳು. ಆ ಬೊಟ್ಟನ್ನು ಮಾಧುರಿ ಒರೆಸಿಕೊಳ್ಳಲಿಲ್ಲ.

ಚನ್ನಬಸವ್ವ ಬೇಕೆಂತಲೇ ಬೆರಳು ಚಾಚಿದಳೋ, ನಿಜಕ್ಕೂ ದೃಷ್ಟಿಗೆ ಹೆದರಿದಳೋ ಅವಳನ್ನೇ ಕೇಳಬೇಕು, ಕೇಳಿದರೆ ಹೇಳುವವಳಲ್ಲ. ಸಂಜೆ ಹೂವು ಮುಚ್ಚಿಕೊಂಡ ಮೇಲೆ ಅವಳು ಬಾಗಲಕೋಟೆಯ ತಂಗಿಗೆ ಫೋನ್ ಹಚ್ಚಿದಳು.

"ಗಂಗವ್ವಾ, ನಮ್ಮ ಮಾಧುರಿ ನನ್ನ ಬೈದಳವಾ!"

"ಅಯ್ಯ, ಏನಂದಳ? ಎಷ್ಟು ಸೊಕ್ಕು ಆಕೀಗೆ!"

"ಸುಮ್ಮನಿರು, ನಿನಗೇನ್ ಗೊತ್ತು?" ಎಂದು ಚನ್ನಬಸವ್ವ ಗದರಿದಳು. "ಎಲ್ಲಾರ ಮುಂದ, ಬಾಯಿ ತುಂಬ ಬೈದಳು. ಮಗಳು ಬೈದಂಗ ಬೈದಳು."